ಹಾಲಮ್ಮ ಕೊಡಬೇಕಾದ ಒಂದು ದಿನ

ಹೋದ ತಿಂಗಳು ಒಂದು ಶನಿವಾರ ಹಡಗಲಿಯಲ್ಲಿ ಮೀಟಿಂಗು ಮುಗಿಸಿಕೊಂಡು ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಇಳಿದೆ. ತವರುಮನೆ ಅಲ್ಲೇ ಇದೆ. ಒಂದು ರಾತ್ರಿ ಅಮ್ಮನ ಕೈಯೂಟ ಮಾಡಿ, ಮರುದಿನ ಆರಾಮಾಗಿ ದಾವಣಗೆರೆಗೆ ಹೋದರಾಯಿತು ಎಂದುಕೊಂಡಿದ್ದೆ. ಕಂಬದ ಹತ್ತಿರ ಒಬ್ಬ ಹೆಂಗಸು ತಲೆಯ ಮೇಲಿನ ಚೀಲವನ್ನು ದೊಪ್ಪನೆ ಇಳಿಸಿದಳು. ಹಸಿರಂಚಿನ ಕಂದು ಸೀರೆ, ಮಂಡಿಯವರೆಗೆ ಕೆಂಪು ಮಣ್ಣು. ಬಟ್ಟೆ ಅಂಗಡಿಯವರ ಮಗಳು ನಾನು. ಮನುಷ್ಯರ ಮುಖಕ್ಕಿಂತ ಮೊದಲು ನನಗೆ ಅವರ ಸೀರೆಯೇ ಕಾಣುವುದು. ಆದರೆ ಆವತ್ತು ಸೀರೆಯ ಅಂಚು ನೋಡುತ್ತಿದ್ದ ಹಾಗೇ ಮೂಗಿಗೆ ಬೇರೇನೋ ಬಡಿಯಿತು. ಚೀಲದ ತುಂಬ ಆಗತಾನೇ ಗಿಡದಿಂದ ಬಿಡಿಸಿದ ಹಸಿ ಶೇಂಗಾ. ಮಣ್ಣು, ಬೇರು, ಎಳೆಗಾಳು ಮೂರೂ ಸೇರಿದ ಆ ವಾಸನೆಗೆ ಬೇರೆ ಹೆಸರಿಲ್ಲ.

ಮರುದಿನ ಬೆಳಿಗ್ಗೆ ನಾನು ಹತ್ತಿದ್ದು ದಾವಣಗೆರೆ ಬಸ್ಸಲ್ಲ, ಕೊಟ್ಟೂರು ಬಸ್ಸು. "ಭಾನುವಾರ ಯಾವ ಆಫೀಸು?" ಎಂದು ಅಮ್ಮ ಕೇಳಿದಳು. "ಆಫೀಸಲ್ಲಮ್ಮ, ಹಳೇ ಬಾಕಿ ಒಂದೈತೆ, ಇಸ್ಕೊಂಡು ಬರ್ತೀನಿ" ಎಂದೆ. ಅಮ್ಮನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುತ್ತ ಕೂತರೆ ಬಸ್ಸು ತಪ್ಪುತ್ತಿತ್ತು.

ಆ ಬಾಕಿ ಹುಟ್ಟಿದ್ದು ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಹಳ್ಳಿಯ ಹುಡುಗ ಹುಡುಗಿಯರು ಓದು ಬಿಡದಂತೆ, ಓದಿದವರಿಗೆ ಒಂದು ಕೆಲಸದ ದಾರಿ ಕಾಣುವಂತೆ ಹಲವು ದೇಶಗಳಲ್ಲಿ ಕೇಂದ್ರ ನಡೆಸುವ ಸಂಸ್ಥೆ ಅದು. ಬೆಂಗಳೂರಿನಲ್ಲಿ ಒಂದು ಆಫೀಸು, ಅದಕ್ಕೆ ಮೇಲಿನ ಆಫೀಸು ಸಮುದ್ರದಾಚೆ ಎಲ್ಲೋ. ನನ್ನನ್ನು ಹಾಕಿದ್ದು ಕೊಟ್ಟೂರಿನಿಂದ ಉಜ್ಜಿನಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ. ಪಂಚಾಯಿತಿ ಹಿಂದಿನ ಹಳೇ ಗೋದಾಮೇ ನಮ್ಮ ಕೇಂದ್ರ. ಅಲ್ಲಿ ಮೊದಲು ಉಳ್ಳಾಗಡ್ಡಿ ತುಂಬುತ್ತಿದ್ದರಂತೆ. ಎಷ್ಟು ತೊಳೆದರೂ ಆ ಘಾಟು ಹೋಗದೆ, ಇಂಗ್ಲಿಷ್ ಪಾಠ ಮಾಡುವಾಗಲೂ ಕಣ್ಣಲ್ಲಿ ನೀರು ಬರುತ್ತಿತ್ತು. ಗೋಡೆಗೆ ಬೇರೆ ಬೇರೆ ದೇಶದ ಮಕ್ಕಳು ಹಲ್ಲು ಬಿಟ್ಟು ನಗುವ ದೊಡ್ಡ ಬ್ಯಾನರು. ಅದರ ಕೆಳಗೆ ನಮ್ಮ ಹುಡುಗಿಯರು, ಮೊದಲ ತಿಂಗಳು ಒಬ್ಬರೂ ನಗಲಿಲ್ಲ.

ಎಲ್ಲರಿಗಿಂತ ಮೊದಲು ನಕ್ಕವಳು ಕೊಟ್ರಮ್ಮ. ಪಿಯುಸಿ ವಿಜ್ಞಾನ ಮುಗಿಸಿ ಮನೆಯಲ್ಲಿ ಕೂತಿದ್ದಳು. ಕೂತಿದ್ದಳು ಎಂದರೆ ತಪ್ಪು. ಆ ಮನೆಯಲ್ಲಿ ಕೂರಲು ಯಾರಿಗೂ ಪುರಸೊತ್ತಿರಲಿಲ್ಲ. ಅಪ್ಪ ಲಾರಿ ಡ್ರೈವರು, ಬಂದಾಗ ಬಂದ. ಹೊಲ, ಎಮ್ಮೆ, ಮಾತು, ಜಗಳ ಎಲ್ಲ ತಾಯಿ ಹಾಲಮ್ಮನ ಕೈಯಲ್ಲಿ. ಮುಂದೆ ಏನು ಮಾಡಬೇಕು ಅಂತಿದೀಯ ಎಂದು ಮೊದಲ ವಾರ ಎಲ್ಲರನ್ನೂ ಕೇಳಿದೆ. ಪೊಲೀಸು, ಟೀಚರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಳಿದರು. ಕೊಟ್ರಮ್ಮ ಮಾತ್ರ, "ರಕ್ತ ನೋಡಾ ಕೆಲಸ ಅಕ್ಕೋರ" ಎಂದಳು.

ಅಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಅಜ್ಜಿಯರೂ ನನ್ನನ್ನು ಹಾಗೇ ಕರೆಯುವಾಗ ಮೊದಮೊದಲು ಹಿಂದೆ ತಿರುಗಿ ನೋಡುತ್ತಿದ್ದೆ.

"ಅಪ್ಪಗ ಜ್ವರ ಬಂದಾಗ ಕೊಟ್ಟೂರಾಗ ರಕ್ತ ತಗದ್ರು" ಎಂದಳು. "ಆ ಲ್ಯಾಬಿನ ಸರ್ ಒಂದು ಮಿಷಿನ್‌ದಾಗ ಬಗ್ಗಿ ನೋಡ್ತಿದ್ದ. ನಾನೂ ಒಂದ್ಸಲ ನೋಡ್ಲೇನ್ರಿ ಅಂದೆ. ಅವ್ವ ನನ್ನ ರಟ್ಟಿ ಚಿವುಟಿದ್ಲು. ಆ ಸರ್ ಮಾತ್ರ ನಕ್ಕು, ನೋಡು ಬಾ ಅಂದ. ಜಾತ್ರ್ಯಾಗ ಬಳಿ ಹರವಿರ್ತಾರಲ್ರಿ, ಹಂಗ ಇದ್ವು ಅಕ್ಕೋರ, ನಮ್ಮಪ್ಪನ ರಕ್ತದಾಗ!"

ಅವಳಿಗಾಗಿಯೇ ಮಾಡಿಟ್ಟಂತೆ ಸಂಸ್ಥೆಯಲ್ಲಿ ಒಂದು ವ್ಯವಸ್ಥೆ ಇತ್ತು. ಒಂದು ವರ್ಷ ನಮ್ಮ ಕೇಂದ್ರದಲ್ಲಿ ಇಂಗ್ಲಿಷು, ಕಂಪ್ಯೂಟರು, ನಾಲ್ಕು ಜನರೆದುರು ಮಾತಾಡುವುದು ಕಲಿತು ಪೂರೈಸಿದರೆ, ಬಳ್ಳಾರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾದ ಓದು, ಹಾಸ್ಟೆಲು ಎಲ್ಲದರ ಖರ್ಚು ಸಂಸ್ಥೆಯದೇ. ನಮ್ಮ ಕೇಂದ್ರದಿಂದ ಒಂದು ಸೀಟು. ಕೊಟ್ರಮ್ಮನಿಗೇ ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟಿದ್ದೆ. ಷರತ್ತು ಒಂದೇ, ಹಾಜರಿ. ದಿನಾ ಮೊಬೈಲಿನ ಆ್ಯಪಿನಲ್ಲಿ ಮುಖದ ಫೋಟೊ ಹೊಡೆದು ಕಳಿಸಬೇಕು. ಮುಕ್ಕಾಲು ಪಾಲಿಗಿಂತ ಕಡಿಮೆಯಾದರೆ ಹೆಸರು ತನ್ನಿಂತಾನೇ ಕೆಂಪಾಗುತ್ತಿತ್ತು.

ಆ ವರ್ಷ ಮಳೆ ಹೇಳಿ ಕರೆಸಿದ ಹಾಗೆ ಬಂತು. ಬಿತ್ತುವಾಗ ಬಂತು, ಕಳೆ ತೆಗೆಯಲು ನಿಂತಿತು, ಹೂ ಕಚ್ಚುವಾಗ ಮತ್ತೆ ಬಂತು. ಕೆಂಪು ಹೊಲಗಳ ಮೇಲೆ ಶೇಂಗಾ ಹಸಿರು ಜಮಖಾನ ಹಾಸಿದಂತೆ ಕೂತಿತ್ತು. ಊರಿನವರ ಮುಖದಲ್ಲಿ ಸಡಗರ. ನಾನೂ ಹುಡುಗಿಯರ ಜೊತೆ ಸಂಜೆ ಉಜ್ಜಿನಿ ದಾರಿಯಲ್ಲಿ ನಡೆಯುತ್ತ, ಇಂಗ್ಲಿಷಿನಲ್ಲಿ ಮಾತಾಡಿಸುತ್ತ, ಮಿರ್ಚಿ ಮಂಡಕ್ಕಿ ತಿನ್ನುತ್ತ ಹಾಯಾಗಿದ್ದೆ. ಒಳ್ಳೆ ಬೆಳೆ ನನಗೇ ಮುಳುವಾಗುತ್ತದೆ ಎಂದು ಅಂಗಡಿಯಲ್ಲಿ ಬೆಳೆದವಳಿಗೆ ಹೇಗೆ ಹೊಳೆಯಬೇಕು?

ದಸರಾ ಕಳೆಯುತ್ತಿದ್ದಂತೆ ಒಂದು ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆದರೆ ಒಂದು ನರಪಿಳ್ಳೆಯೂ ಇಲ್ಲ. ಬ್ಯಾನರಿನ ಮಕ್ಕಳು ಮಾತ್ರ ನಗುತ್ತಿದ್ದರು. ಹಾಲಮ್ಮನ ಮನೆಗೆ ಹೋದೆ. ಅವಳು ಬುಟ್ಟಿ ಎತ್ತಿಕೊಂಡು ಹೊರಟು ನಿಂತಿದ್ದಳು. ಎತ್ತರದ ಆಳು, ಸೀರೆಯನ್ನು ಕಚ್ಚೆ ಹಾಕಿ ಬಿಗಿದಳೆಂದರೆ ಎದುರಿಗೆ ನಿಲ್ಲಲು ಗಂಡಸರೂ ಯೋಚಿಸಬೇಕು.

"ಕೊಟ್ರಮ್ಮ ಎಲ್ಲಿ ಹಾಲಮ್ಮಕ್ಕ?"

"ಹೊಲಕ್ಕ ಹೋಗ್ಯಾಳ. ಶೇಂಗಾ ಮುಗಿಯಾತನ ಬರಂಗಿಲ್ಲ."

"ಹಾಜರಿ ಕಮ್ಮಿಯಾದ್ರೆ ಸೀಟು ಹೋಗ್ತೈತೆ. ಮಾತಾಡಿದ್ವಲ್ಲ?"

"ನೀವು ಕಲಸ್ರಿ ಅಕ್ಕೋರ, ನಾ ಬ್ಯಾಡ ಅಂದೀನೇನು? ಆದ್ರ ನಮ್ಮದು ಎತ್ತರದ ಹೊಲ, ಎಲ್ಲಾರಿಗಿಂತ ಮೊದ್ಲು ಬಲೀತು. ಓಣಿ ಮಂದಿ ಎಲ್ಲಾ ಬಂದು ಬಿಡಿಸಿಕೊಟ್ಟು ಹೋಗ್ಯಾರ. ಈಗ ಅವರ ಹೊಲಕ್ಕ ನಾವು ಹೋಗಬೇಕೋ ಬ್ಯಾಡೋ? ಇರಾದು ನಾನೊಬ್ಬಾಕಿ, ಅಕಿಯೊಬ್ಬಾಕಿ. ಈ ವರ್ಷ ತಪ್ಪಿಸಿದ್ರ ಮುಂದಿನ ವರ್ಷ ನಮ್ಮ ಹೊಲಕ್ಕ ಯಾರ ಬರ್ತಾರ?"

ಇಷ್ಟು ಹೇಳಿ ಹೋದಳು. ನನಗೆ ಕೇಳಿಸಿದ್ದು ಒಂದೇ, ಕೊಟ್ರಮ್ಮ ಬರುವುದಿಲ್ಲ ಎನ್ನುವುದು. ಉಳಿದದ್ದು ಕಿವಿಯ ಪಕ್ಕದಲ್ಲಿ ಹಾದುಹೋಯಿತು.

ಬೆಂಗಳೂರಿನ ಮ್ಯಾನೇಜರ್ ಸರ್‌ಗೆ ಫೋನು ಮಾಡಿದೆ. ಅವರು ಮೈಸೂರಿನ ಕಡೆಯವರು, ಸಿಟ್ಟು ಬಂದರೂ ಮೆತ್ತಗೆ ಮಾತಾಡುವವರು. "ನೋಡಮ್ಮ, ಈ ತಿಂಗಳ ಕೊನೆಯವರೆಗೆ ನೋಡ್ತೀನಿ. ಆ ಹುಡುಗಿ ಹೆಸರು ಹೀಗೇ ಕೆಂಪಾಗಿದ್ರೆ ಸೀಟು ಬೇರೆ ಸೆಂಟರಿಗೆ ಹೋಗುತ್ತೆ. ತಾಯಂದಿರ ಜೊತೆ ಬೆರೀರಿ, ವಿಶ್ವಾಸ ಗಳಿಸಿ" ಎಂದರು.

ಬೆರೆಯುವುದು ತಾನೇ? ತರಬೇತಿಯಲ್ಲೂ ಅದನ್ನೇ ಹೇಳಿದ್ದರು. ಕೇಂದ್ರಕ್ಕೆ ಬೀಗ ಹಾಕಿ ಮರುದಿನದಿಂದ ನಾನೇ ಹೊಲಕ್ಕಿಳಿದೆ. ಒಂದು ದಿನ ಹಾಲಮ್ಮನ ಜೊತೆ, ಅವಳ ಹೊಲದ ಮೂಲೆಯಲ್ಲಿ ಉಳಿದಿದ್ದ ಗಿಡಗಳಿಗೆ. ಆಮೇಲೆ ದಿನಕ್ಕೊಬ್ಬ ಹುಡುಗಿಯ ಮನೆಯ ಹೊಲ. ಕಿತ್ತ ಗಿಡಗಳ ರಾಶಿಯ ಸುತ್ತ ಹೆಂಗಸರು ಕೂತು, ಗಿಡವನ್ನು ಕೊಡವಿ, ಕಾಯಿ ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ಅವರ ಬುಟ್ಟಿ ತುಂಬುವಾಗ ನನ್ನದರ ತಳವೂ ಮುಚ್ಚಿರುತ್ತಿರಲಿಲ್ಲ. ಬೆರಳ ಸಂದಿಯೆಲ್ಲ ಬಿರಿಯಿತು. ನಾನು ಹೊಸ ಕಾಟನ್ ಚೂಡಿದಾರ್ ಹಾಕಿಕೊಂಡು ಬಂದದ್ದು ನೋಡಿ, "ಅಕ್ಕೋರು ಮದಿವಿಗೆ ಬಂದಾರ" ಎಂದು ನಕ್ಕರು. ನಗಲಿ ಬಿಡು, ವಿಶ್ವಾಸ ಬೆಳೆಯುತ್ತಿದೆ ಎಂದುಕೊಂಡೆ.

ಸಂಜೆ ಬಿಡುವಾಗ ಬಿಡಿಸಿದವರಿಗೆಲ್ಲ ಕಾಯಿಯಲ್ಲಿ ಒಂದು ಪಾಲು ಅಳೆದು ಕೊಡುತ್ತಿದ್ದರು. ಕೆಲವರು ಸೆರಗು ಒಡ್ಡಿ ತೆಗೆದುಕೊಂಡರೆ, ಕೆಲವರು ಸುಮ್ಮನೆ ಬುಟ್ಟಿ ಕೊಡವಿ ಹೊರಡುತ್ತಿದ್ದರು. ನನ್ನ ಮುಂದೆಯೂ ಬೊಗಸೆ ಬಂತು. ನಾನು ದೊಡ್ಡ ಸಮಾಜಸೇವಕಿ. ಕೈ ಹಿಂದಕ್ಕೆಳೆದುಕೊಂಡು, "ಛೆ ಛೆ, ನಂಗೇನೂ ಬೇಡ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿ ಹೊಲದಲ್ಲೂ ಇದೇ ಆಯಿತು. ನನ್ನ ನಿಸ್ವಾರ್ಥ ಕಂಡು ಬೆರಗಾಗಿದ್ದಾರೆ ಎಂದು ಒಳಗೊಳಗೇ ಉಬ್ಬಿದೆ.

ತಿಂಗಳ ಕೊನೆಗೆ ಬೇರೆ ದೇಶದ ಕೇಂದ್ರಗಳ ಜೊತೆ ನಮ್ಮ ಮಾತುಕತೆಯ ದಿನ ಬಂತು. ತಿಂಗಳಿಗೊಮ್ಮೆ ಎಲ್ಲ ಕಡೆಯ ಮಕ್ಕಳು ಪರದೆಯ ಮೇಲೆ ಸೇರಿ, ಪ್ರತಿ ಊರಿನ ಒಬ್ಬರು ನಾಲ್ಕು ಮಾತಾಡುವುದು. ಆ ಸಲ ಕೊಟ್ರಮ್ಮನ ಸರದಿ. ಅವಳಿಗೆ ಅಲ್ಲೊಬ್ಬ ಗೆಳತಿಯೂ ಆಗಿದ್ದಳು, ಕೀನ್ಯಾದ ಯಾವುದೋ ಹಳ್ಳಿಯ ವಂಜಿರು. ಇಬ್ಬರೂ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕೋಳಿ, ಮೇಕೆ, ತಮ್ಮಂದಿರ ಕಾಟ ಮಾತಾಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಆವತ್ತೂ ಅವಳು ಬರದಿದ್ದರೆ ಸೀಟಿನ ಆಸೆ ಬಿಟ್ಟ ಹಾಗೇ. ಹಿಂದಿನ ಸಂಜೆ ಹಾಲಮ್ಮನಿಗೆ ಅದನ್ನೇ ಹೇಳಿ ಬಂದಿದ್ದೆ. ಅವಳು "ನಾಳೆ ಬರ್ತೀವಿ ಬಿಡ್ರಿ" ಎಂದಿದ್ದಳು. ನನಗೆ ನಿದ್ದೆ ಚೆನ್ನಾಗಿ ಬಂತು.

ಬೆಳಿಗ್ಗೆ ಕೇಂದ್ರದ ಮುಂದೆ ಹೆಂಗಸರ ದಂಡೇ ನಿಂತಿತ್ತು. ಎಲ್ಲರ ತಲೆಗೂ ಟವೆಲು, ಕಂಕುಳಲ್ಲಿ ರೊಟ್ಟಿಗಂಟು. ಮುಂದೆ ಹಾಲಮ್ಮ, ಅವಳ ಪಕ್ಕ ಓಣಿಯ ಹಿರಿಯಳಾದ ನಾಗಮ್ಮಜ್ಜಿ. ಹುಡುಗಿಯರು ಒಬ್ಬರೂ ಇಲ್ಲ.

"ಏನು ಕೆಲಸ ಹೇಳ್ರಿ ಅಕ್ಕೋರ" ಎಂದಳು ಅಜ್ಜಿ. "ನಿಮಗ ಹೊಲ ಇಲ್ಲಂತ ಗೊತ್ತೈತಿ. ಗ್ವಾಡಿ ಬಳೀಲ್ಯಾ, ನೆಲ ಸಾರಸ್ಲ್ಯಾ?"

"ಯಾಕಜ್ಜಿ? ಯಾವ ಕೆಲಸ?"

"ನಿಮ್ಮ ಮುಯ್ಯಿ ತೀರಸಬೇಕಲ್ರಿ."

ಆಗ ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಬಿಡಿಸಿ ಹೇಳಿದಳು. ಪಾಲು ತೆಗೆದುಕೊಂಡು ಹೋದರೆ ಅದು ಕೂಲಿ, ಅಲ್ಲಿಗೆ ಮುಗಿಯಿತು. ಪಾಲು ಮುಟ್ಟದೆ ಹೋದರೆ ಮುಯ್ಯಾಳು. ಅವರು ಒಂದು ದಿನ ದುಡಿದದ್ದಕ್ಕೆ ಇವರು ಅವರಲ್ಲಿ ಒಂದು ದಿನ ದುಡಿಯಲೇಬೇಕು. ನಾನು ಒಂದು ಮನೆಯಲ್ಲೂ ಒಂದು ಬೊಗಸೆ ಮುಟ್ಟಿರಲಿಲ್ಲ. ಹಾಗಾಗಿ ಓಣಿಯ ಹೆಚ್ಚುಕಡಿಮೆ ಪ್ರತಿ ಮನೆಯೂ ನನಗೆ ಒಂದೊಂದು ದಿನ ಕೊಡಬೇಕಾಗಿತ್ತು.

"ಅಯ್ಯೋ, ನಾನು ಸುಮ್ನೆ ಬಂದಿದ್ದೆ ಕಣಜ್ಜಿ. ಅದಕ್ಕೆಲ್ಲ ಲೆಕ್ಕ ಯಾಕೆ?"

ಅಜ್ಜಿಯ ಬಾಯಿ ನಿಂತಿತು. "ಸುಮ್ಮನ ಅಂದ್ರ? ನಾವೇನು ದಾನ ಬೇಡಿದ್ವೇನು?"

ಸುಣ್ಣ ತರಿಸಿದೆ. ಬಕೆಟ್ಟು ಹಾಲಮ್ಮನ ಕೈಗೆ ಕೊಡುತ್ತ ಕೇಳಿದೆ. "ಹಾಲಮ್ಮಕ್ಕ, ಕೊಟ್ರಮ್ಮ ಎಲ್ಲಿ? ಬರ್ತೀವಿ ಅಂದ್ರಲ್ಲ?"

"ನಾನು ಬಂದೀನಲ್ರಿ. ನಿಮ್ಮ ಮುಯ್ಯಿಗೆ ನಾನು ಬಂದ್ರ, ಬ್ಯಾರೆ ಮುಯ್ಯಿಗೆ ಅಕಿ ಹೋಗಬೇಕಲ್ಲ."

ನನ್ನ ತಲೆಗೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಹುಡುಗಿಯನ್ನು ತರಗತಿಗೆ ತರಲೆಂದು ಹೊಲಕ್ಕೆ ಹೋದೆ. ನಾನು ಹೋದದ್ದಕ್ಕೇ ಆ ಹುಡುಗಿ ಇವತ್ತು ತರಗತಿಗೆ ಬರುವಂತಿಲ್ಲ.

ಆ ಹೆಂಗಸರ ಕೈಗೆ ಗೋದಾಮು ಎಲ್ಲಿಯ ಲೆಕ್ಕ? ಮಧ್ಯಾಹ್ನದೊಳಗೆ ಗೋಡೆಗಳು ಬೆಳ್ಳಗಾದವು, ನೆಲ ಕನ್ನಡಿಯಾಯಿತು. ಅಷ್ಟು ದಿನ ನನ್ನಿಂದ ಹೋಗದ ಉಳ್ಳಾಗಡ್ಡಿ ಘಾಟು ಅವರ ಸುಣ್ಣಕ್ಕೆ ಹೆದರಿ ಓಡಿತು. ಎಲ್ಲರೂ ಕೂತು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಿಂದೆವು. "ಅರ್ಧ ದಿನ ಉಳೀತಲ್ರಿ, ಮುಂದ?" ಎಂದು ಅಜ್ಜಿ ಕೇಳಿದಳು. ನನಗೆ ಹೇಳಲು ಕೆಲಸವಿರಲಿಲ್ಲ. ಪರದೆ ಹಚ್ಚುವ ಹೊತ್ತಾಗಿತ್ತು. "ಹಂಗಾದ್ರೆ ಇಲ್ಲೇ ಕೂತು ನಮ್ಮ ಮೀಟಿಂಗ್ ನೋಡ್ರಿ" ಎಂದೆ.

ಮೊದಲು ಹಾಜರಿ ಫೋಟೊ. ಸುಣ್ಣ ಸಿಡಿದ ಮುಖಗಳು, ತಲೆಗೆ ಟವೆಲು. ಆ್ಯಪು ಒಬ್ಬರನ್ನೂ ಗುರುತಿಸಲಿಲ್ಲ. ಕೂಡಲೇ ಮ್ಯಾನೇಜರ್ ಸರ್ ಫೋನು. "ಯಾರಮ್ಮ ಇವರೆಲ್ಲ?"

"ಮುಯ್ಯಾಳು ಸರ್."

"ಅದ್ಯಾವ ಬ್ಯಾಚು?"

ಉತ್ತರ ಕೊಡುವಷ್ಟರಲ್ಲಿ ಪರದೆ ತುಂಬಿತು. ಪೆರುವಿನಲ್ಲಿ ಇನ್ನೂ ನಸುಕು, ಒಬ್ಬ ಹುಡುಗ ಕಂಬಳಿ ಹೊದ್ದು ಆಕಳಿಸುತ್ತಿದ್ದ. "ಪಾಪ, ಹುಡುಗಗ ನಿದ್ದಿ ಬಂದೈತಿ, ಮಲಗಾಕ ಹೇಳ್ರಿ" ಎಂದರು ಹೆಂಗಸರು. ಫಿಲಿಪೀನ್ಸಿನ ಹುಡುಗಿಯ ಹಿಂದೆ ಹುಂಜ ಕೂಗಿದಾಗ ನಮ್ಮ ಗೋದಾಮಿನಲ್ಲಿ ಚಪ್ಪಾಳೆಯೇ ಬಿತ್ತು. ಆಮೇಲೆ ವಂಜಿರುವಿನ ಮುಖ ದೊಡ್ಡದಾಯಿತು. ನಮ್ಮ ಕಡೆ ಕಣ್ಣು ಕಿರಿದು ಮಾಡಿ ಹುಡುಕಿದಳು. "ಕೊಟ್ರಮ್ಮಾ? ವೇರ್ ಈಸ್ ಕೊಟ್ರಮ್ಮಾ?"

ಹಾಲಮ್ಮ ಕೂತಲ್ಲೇ ನೆಟ್ಟಗಾದಳು. "ಅಕ್ಕೋರ, ಆ ಹುಡುಗಿ ನಮ್ಮ ಕೊಟ್ರಿ ಹೆಸರು ಹೇಳಿದ್ಲಲ್ಲ?"

"ಹೌದು. ಎಲ್ಲಿ ಅಂತ ಕೇಳ್ತಾಳೆ."

"ಅಷ್ಟು ದೂರದಾಕಿಗೆ ನಮ್ಮ ಹುಡುಗಿ ಯಾಕ ಬೇಕು?"

ಕೇಳಿದೆ. ವಂಜಿರು ಪಟಪಟ ಹೇಳಿದ್ದನ್ನು ಕನ್ನಡ ಮಾಡಿದೆ. ಹೋದ ಸಲ ಕೊಟ್ರಮ್ಮ ಅಪ್ಪನ ರಕ್ತದಲ್ಲಿ ಬಳೆ ಕಂಡ ಕಥೆ ಹೇಳಿದ್ದಳು. ಅದನ್ನು ಈ ಹುಡುಗಿ ತನ್ನ ಅಮ್ಮನಿಗೂ ಹೇಳಿದ್ದಾಳೆ. ಇವತ್ತು ಅವಳ ಮಾತು ಕೇಳಲೆಂದು ಆ ಅಮ್ಮನೂ ಬಂದು ಕೂತಿದ್ದಾಳೆ. ಪರದೆಯ ಅಂಚಿನಿಂದ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು ಬಗ್ಗಿ ಕೈ ಬೀಸಿದಳು. ಹೂವಿನ ಚಿತ್ತಾರದ ಹತ್ತಿ ಬಟ್ಟೆ, ಹೊಲದ ಬಿಸಿಲಿಗೆ ಬಣ್ಣ ಬಿಟ್ಟದ್ದು. ನಮ್ಮ ಹೆಂಗಸರ ಟವೆಲಿನ ಹಾಗೇ ಹಿಂದಕ್ಕೆ ಗಂಟು ಹಾಕಿದ್ದಳು.

ಕೊಟ್ರಮ್ಮ ಹೊಲದಲ್ಲಿದ್ದಾಳೆ, ನೆರೆಯವರಿಗೆ ಮುಯ್ಯಿ ತೀರಿಸುತ್ತಿದ್ದಾಳೆ ಎಂದು ತಡವರಿಸುತ್ತ ಹೇಳಿದೆ. ಅವರಿಗೆ ಅದನ್ನು ವಿವರಿಸಬೇಕಾಗಲಿಲ್ಲ. ತಮ್ಮಲ್ಲೂ ಹೆಂಗಸರು ಸರದಿಯ ಮೇಲೆ ಒಬ್ಬರ ಹೊಲಕ್ಕೊಬ್ಬರು ಹೋಗುತ್ತಾರೆ ಎಂದಳು ವಂಜಿರು. ತನ್ನ ಪರೀಕ್ಷೆಯ ವಾರ ತನ್ನ ಸರದಿಗೂ ಅಮ್ಮನೇ ಹೋಗಿದ್ದಳಂತೆ. ಅದನ್ನೂ ಹೆಂಗಸರಿಗೆ ಕನ್ನಡ ಮಾಡಿ ಹೇಳಿದೆ.

ಹಾಲಮ್ಮ ಪರದೆಯ ಆ ತಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಹೋದಳು. ಮನಸ್ಸಿಗೆ ನೋವಾಯಿತೇನೋ, ಇನ್ನು ಮುಗಿಯಿತು ಎಂದುಕೊಂಡೆ. ಬಾಗಿಲಿನವರೆಗೆ ಓಡಿದೆ, ಅವಳಾಗಲೇ ಹೊಲದ ದಾರಿ ಹಿಡಿದಿದ್ದಳು. ಪರದೆಯ ಮೇಲೆ ಬೇರೆಯವರ ಸರದಿಗಳು ಒಂದೊಂದಾಗಿ ಮುಗಿಯುತ್ತಿದ್ದವು.

ಕೊನೆಯ ಸರದಿ ಮುಗಿಯುವ ಹೊತ್ತಿಗೆ ಕೊಟ್ರಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು. ಕೈಯಲ್ಲಿ ಬೇರು ಸಮೇತ ಕಿತ್ತ ಒಂದು ಶೇಂಗಾ ಗಿಡ. "ಅವ್ವ ಬಂದು ಬುಟ್ಟಿ ಕಸ್ಗಂಡ್ಲು ಅಕ್ಕೋರ! ನೀ ನಡಿ, ಆ ವನಜಾ ನಿನ್ನ ಕಾಯಕತ್ಯಾಳ ಅಂದ್ಲು. ಯಾರ್ರಿ ವನಜಾ?"

ವಂಜಿರು ಅರ್ಧ ಗಂಟೆಯಲ್ಲಿ ವನಜಾ ಆಗಿದ್ದಳು. ನಕ್ಕು ನಕ್ಕು ಕೊಟ್ರಮ್ಮನ ಹೆದರಿಕೆಯೇ ಹೋಯಿತು. ಮಣ್ಣಿನ ಕೈಯಲ್ಲೇ ಗಿಡ ಎತ್ತಿ ಹಿಡಿದು, ಹೂವು ಮೇಲೆ ಬಿಟ್ಟರೂ ಕಾಯಿ ನೆಲದೊಳಗೆ ಕೂರುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹಾಗೆಯೇ ರಕ್ತದಲ್ಲೂ ಕಣ್ಣಿಗೆ ಕಾಣದ್ದು ಇರುತ್ತದೆ, ಅದನ್ನು ನೋಡುವ ಕೆಲಸ ನನಗೆ ಬೇಕು ಎಂದಳು. ವ್ಯಾಕರಣ ಕುಂಟುತ್ತಿತ್ತು, ಮಾತು ಓಡುತ್ತಿತ್ತು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಬಾಯಿ ತೆರೆದಂತೆಯೇ ಅವಳ ಚಿತ್ರ ನಿಂತಿತು. ಹೆಂಗಸರಿಗೆ ಅದೇ ದೊಡ್ಡ ತಮಾಷೆ. ನನಗೆ ಮಾತ್ರ ಕಣ್ಣು ತುಂಬಿ ಬಂದಿತ್ತು. ಘಾಟು ಹೋದ ಮೇಲೂ.

ಒಂದು ದಿನವೇನೋ ದಕ್ಕಿತು. ಅವಳ ಮಾತು ಕೇಳಿದ ಮ್ಯಾನೇಜರ್ ಸರ್ ಇನ್ನೊಂದು ತಿಂಗಳು ಕಾಯುತ್ತೇನೆ ಎಂದರು. ಉಳಿದ ದಿನಗಳು? ಎಲ್ಲರೂ ಏಳುವಾಗ ಅದನ್ನೇ ನಾಗಮ್ಮಜ್ಜಿಯ ಹತ್ತಿರ ತೋಡಿಕೊಂಡೆ. ಅಜ್ಜಿ ಸ್ವಲ್ಪ ಯೋಚಿಸಿ, "ನೋಡ್ರಿ, ಹೊತ್ತು ನೆತ್ತಿಗೆ ಬರಾತನ ಸುಣ್ಣ ಹಚ್ಚಿದ್ರ ಅದು ದಿನ ಆಗಂಗಿಲ್ಲ. ಕುಂತು ಟಿವಿ ನೋಡಿದ್ದಂತೂ ಕೆಲಸಾನ ಅಲ್ಲ. ಅಂದ್ರ ನಮ್ಮ ದಿನ ನಿಮಗ ಕೊಡಾದು ಇನ್ನೂ ಐತಿ. ನಿಮ್ಮ ದಿನ ನೀವು ಯಾರಿಗೆ ಬೇಕಾದ್ರೂ ಕೊಡ್ರಿ. ಹಾಲಮ್ಮಗ ಕೊಡ್ರಿ. ಕೊಟ್ರಿ ಹೋಗಬೇಕಾದ ಹೊಲಕ್ಕ ಅಕಿ ಬದ್ಲಿ ನಾವು ಹೋಗ್ತೀವಿ" ಎಂದಳು.

ನನಗೆ ಅಜ್ಜಿಯನ್ನು ಎತ್ತಿ ಕುಣಿಸಬೇಕೆನಿಸಿತು. ಆದರೆ ಹಾಲಮ್ಮ ಒಪ್ಪಬೇಕಲ್ಲ? ಸಂಜೆ ಅವಳ ಮನೆಗೆ ಹೋದೆವು. "ನಮ್ಮ ಮುಯ್ಯಿ ಮಂದಿ ತೀರಿಸಾದಾ? ನಮಗೇನು ಕೈ ಇಲ್ಲೇನು?" ಎಂದು ಸಿಡುಕಿದಳು. ಅಜ್ಜಿ ಸುಮ್ಮನಾಗಲಿಲ್ಲ. "ಮಂದೀದಲ್ಲಲೇ, ಅಕ್ಕೋರದು. ಬಿಸಿಲಾಗ ಕುಂತು ಬೆರಳು ಬಿರಿಸಿಗಂಡು ದುಡಿದಾಳ. ಅಕಿ ದುಡಿದದ್ದು ಅಕಿ ಕೊಡಾಕತ್ಯಾಳ. ತಗಳ್ಳಾದು ಬಿಡಾದು ನಿನ್ನ ಮರ್ಜಿ."

ಹಾಲಮ್ಮ ನನ್ನ ಕೈ ಹಿ‌ಡಿದು ತಿರುಗಿಸಿ ನೋಡಿದಳು. ಬಿರಿದ ಬೆರಳುಗಳಿಗೆ ನಾನು ಪ್ಲಾಸ್ಟರು ಸುತ್ತಿದ್ದೆ. ಒಳಗಿಂದ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. "ಆತು. ಆದ್ರ ನಾ ನಿಮಗ ಕೊಡಬೇಕಾದ್ದು ಒಂದು ದಿನ ಐತಿ. ಇವತ್ತು ಅರ್ಧಕ್ಕ ಬಿಟ್ಟು ಹೋದೆ, ಅದು ಹಿಡಿಯಂಗಿಲ್ಲ. ಅದನ್ನ ನಾನಾ ತೀರಸ್ತೀನಿ."

ಮರುದಿನದಿಂದ ಕೊಟ್ರಮ್ಮ ತಪ್ಪದೆ ಬಂದಳು. ಅವಳ ಹಿಂದೆ ಉಳಿದ ಹುಡುಗಿಯರೂ ತಂತಮ್ಮೊಳಗೆ ದಿನ ಬದಲಾಯಿಸಿಕೊಂಡು ಬರತೊಡಗಿದರು. ಬೆಳಿಗ್ಗೆ ಕೆಲವರು, ಮಧ್ಯಾಹ್ನ ಕೆಲವರು. ಒಂದು ದಿನ ಪಾಠದ ನಡುವೆ ಮೋಡ ಕಪ್ಪಿಟ್ಟಿತು. ಹೊಲದಲ್ಲಿ ಕಿತ್ತ ಗಿಡಗಳ ಮೇಲೆ ಮಳೆ ಬಿದ್ದರೆ ಕಾಯಿ ಕಪ್ಪಾಗುತ್ತದೆ. ಲ್ಯಾಪ್‌ಟಾಪು ಮುಚ್ಚಿ ಎಲ್ಲರೂ ತಾಡಪಾಲು ಹಿಡಿದು ಓಡಿದೆವು. ಒದ್ದೆ ಮುದ್ದೆಯಾಗಿ ಮರಳಿ ಬಂದು ಫೋಟೊ ಹೊಡೆದರೆ ಆ್ಯಪು ನನ್ನನ್ನೇ ಗುರುತಿಸಲಿಲ್ಲ. ಮ್ಯಾನೇಜರ್ ಸರ್ ಈ ಸಲ ಫೋನಿನಲ್ಲಿ ಗಟ್ಟಿಯಾಗಿ ನಕ್ಕರು. ತಿಂಗಳು ಕಳೆಯುವಷ್ಟರಲ್ಲಿ ಕೊಟ್ರಮ್ಮನ ಹೆಸರು ಹಸಿರಾಗಿತ್ತು.

ಬೇಸಿಗೆಗೆ ಅವಳಿಗೆ ಸೀಟು ಸಿಕ್ಕಿತು. ನನಗೆ ದಾವಣಗೆರೆಗೆ ವರ್ಗ ಬಂತು. ಬಸ್ಸು ಹತ್ತುವ ದಿನ ಅರ್ಧ ಓಣಿಯೇ ರಸ್ತೆಗೆ ಬಂದಿತ್ತು. ಹಾಲಮ್ಮ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಹಬ್ಬಕ್ಕೆ ಉಡುವಂಥದ್ದು. "ನನ್ನ ಒಂದು ದಿನ ಹಂಗೇ ಉಳೀತಲ್ಲ ಹಾಲಮ್ಮಕ್ಕ" ಎಂದು ಚುಡಾಯಿಸಿದೆ.

"ಇರ್ಲಿ ಬಿಡ್ರಿ, ಈಗ ತೀರಸಂಗಿಲ್ಲ" ಎಂದಳು. "ಇಸ್ಗಳಾಕಾದ್ರೂ ಬರ್ತೀರಲ್ಲ."

ಅವತ್ತು ಬಸ್ಸಿನಲ್ಲಿ ಅತ್ತೆ. ಆಮೇಲೆ ಕೆಲಸ, ಮದುವೆ, ಮಗು ಎಂದು ವರ್ಷಗಳು ಉರುಳಿದವು. ಫೋನಿನಲ್ಲಿ ಕೊಟ್ರಮ್ಮ ಸಿಗುತ್ತಿದ್ದಳು. ಹೋಗುವುದು ಮಾತ್ರ ಆಗಿರಲಿಲ್ಲ.

ಆ ಭಾನುವಾರ ಹೊಲದ ಬದುವಿನ ಬೇವಿನ ಮರದ ಕೆಳಗೆ ಹಾಲಮ್ಮ ಗಿಡಗಳ ರಾಶಿಯ ಮುಂದೆ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಕಚ್ಚೆಯ ಬಿಗಿ ಮಾತ್ರ ಹಾಗೇ ಇತ್ತು. ನನ್ನನ್ನು ನೋಡಿ ಎದ್ದು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಖಾಲಿ ಬುಟ್ಟಿ ನನ್ನ ಕಡೆ ತಳ್ಳಿದಳು.

"ಬಂದ್ರಾ? ಕುಂದರ್ರಿ."

"ನಾನು ಬಾಕಿ ಇಸ್ಕೊಳೋಕೆ ಬಂದಿದೀನಿ, ದುಡಿಯೋಕಲ್ಲ."

"ಇಸ್ಗಳ್ರಿ, ಯಾರ್ ಬ್ಯಾಡ ಅಂದ್ರು? ಮೊದ್ಲು ಇವು ನಾಕು ಗಿಡ ಬಿಡಸ್ರಿ, ಬಿಸಿಲು ಏರತತಿ."

ನಾಲ್ಕು ಗಿಡ ಸಂಜೆಯವರೆಗೆ ಮುಗಿಯಲಿಲ್ಲ. ಇಳಿಹೊತ್ತಿಗೆ ಕೊಟ್ರಮ್ಮ ಬಂದಳು. ಈಗ ಅವಳು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಭಾನುವಾರದ ಡ್ಯೂಟಿ ಮುಗಿಸಿ ಬಂದವಳ ದುಪಟ್ಟಾದಲ್ಲಿ ಸ್ಪಿರಿಟ್ಟಿನ ವಾಸನೆ. ನನ್ನನ್ನು ಕಂಡು ಕಿರುಚಿ ಕುಣಿದು ಅಪ್ಪಿಕೊಂಡಳು. "ಲೇ ಕೊಟ್ರಿ, ಕುಣಿಯಾದು ಆಮ್ಯಾಲ, ಮೊದ್ಲು ಕುಂತು ಬಿಡಸು" ಎಂದು ತಾಯಿ ಗದರಿದಳು. "ವನಜಾ ಏನಂತಾಳ ಇವತ್ತು?" ಎಂದೂ ಕೇಳಿದಳು. ದಿನಾ ಕೇಳುತ್ತಾಳಂತೆ. ವಂಜಿರು ಈಗ ಕೀನ್ಯಾದ ತನ್ನ ಊರಿನ ಶಾಲೆಯಲ್ಲಿ ಟೀಚರು.

ಹೊತ್ತು ಮುಳುಗುವಾಗ ಹಾಲಮ್ಮ ಎದ್ದು ಬಂದು ಎರಡೂ ಕೈಯಲ್ಲಿ ಕಾಯಿ ತುಂಬಿ ನನ್ನ ಮುಂದೆ ಹಿಡಿದಳು. ಹಸಿ ಶೇಂಗಾ, ಮೂಗಿನ ಹತ್ತಿರವೇ. ತೆಗೆದುಕೊಳ್ಳಬೇಕೆನಿಸಿತು. ಕೈ ಚಾಚಿದವಳು ನಡುವೆಯೇ ನಿಂತೆ. ತೆಗೆದುಕೊಂಡರೆ ಕೂಲಿ; ಅಲ್ಲಿಗೆ ಮುಗಿಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಹಾಲಮ್ಮ ನನ್ನ ಮುಖವನ್ನೇ ನೋಡಿ, ಆಮೇಲೆ ಹೊಲವೆಲ್ಲ ಕೇಳುವ ಹಾಗೆ ನಕ್ಕಳು. "ಕಲ್ತೀರಿ ಬಿಡ್ರಿ ಅಕ್ಕೋರ! ಒಂದು ಇಸ್ಗಳಾಕ ಬಂದು ಇನ್ನೊಂದು ಹೊರಿಸಿ ಹೊಂಟೀರಲ್ಲ. ಈಗ ಎರಡಾದ್ವು."

ಕೊಟ್ಟೂರಿನಿಂದ ಹರಪನಹಳ್ಳಿಗೆ ಬಸ್ಸಿನಲ್ಲಿ ಕೂತಾಗ ಮೈಯೆಲ್ಲ ಮಣ್ಣು, ಬೆರಳೆಲ್ಲ ಉರಿ, ಮನಸ್ಸು ಮಾತ್ರ ಹಗುರ. ಪಕ್ಕದ ಸೀಟಿನ ಹೆಂಗಸು ನನ್ನ ಕೈ ನೋಡಿದಳು, ಕಾಲ ಬಳಿ ಚೀಲವಿಲ್ಲದ್ದನ್ನೂ ನೋಡಿದಳು.

"ಶೇಂಗಾ ಬಿಡಿಸಾಕ ಹೋಗಿದ್ರೇನು? ಪಾಲು ಕೊಡಲಿಲ್ಲೇನ್ರಿ?"

"ಕೊಟ್ರು. ನಾನೇ ತಗೊಳ್ಳಲಿಲ್ಲ."

ಅವಳು ತಿಳಿಯಿತೆನ್ನುವಂತೆ ತಲೆಯಾಡಿಸಿ, ಕಿಟಕಿಯ ಕಡೆ ಸರಿದು ನನಗೆ ಇನ್ನಷ್ಟು ಜಾಗ ಬಿಟ್ಟಳು. "ಹಂಗಾದ್ರ ನಿಮ್ಮೋರ ಹೊಲ ಅನ್ರಿ" ಎಂದಳು.

"ಹೌದ್ರಿ" ಎಂದೆ.